ಹಸಿರು ವೈರ್

ಗೌರಿ ಹಬ್ಬದ ಬಾಗಿನದ ಜೊತೆ ಈ ಸಲ ಅವಳ ತವರಿನವರು ಹೊಸ ಕರೆಂಟ್ ಗೀಸರ್ ಕಳಿಸಿದ್ದರು. ಹಳೆಯ ಗ್ಯಾಸ್ ಗೀಸರ್ ಬಿಚ್ಚಲು ಬಂದ ಮೆಕ್ಯಾನಿಕ್, ಬಚ್ಚಲುಮನೆಯ ಗವಾಕ್ಷಿ ನೋಡಿ ಸ್ಪ್ಯಾನರ್ ಕೆಳಗಿಟ್ಟ. ಅದರ ತುಂಬ ಹಳೆಯ ಪಂಚೆ ತುರುಕಿದ್ದರು.

"ಇದನ್ನ ಯಾರಮ್ಮ ಮುಚ್ಚಿದ್ದು?"

"ನಮ್ಮ ಯಜಮಾನ್ರು. ಪಾರಿವಾಳ ಬರುತ್ತೆ ಅಂತ."

"ಗ್ಯಾಸ್ ಗೀಸರ್ ಇರೋ ಕಡೆ ಗಾಳಿ ಆಡ್ಬೇಕಮ್ಮ. ಇಲ್ದಿದ್ರೆ ವಿಷದ ಗಾಳಿ ತುಂಬ್ಕೊಳ್ಳುತ್ತೆ, ವಾಸನೆನೂ ಬರಲ್ಲ. ನಿಮ್ಗೆ ತಲೆ ಸುತ್ತಿಲ್ವಾ?"

"ಎರಡು ಸಲ ಬಿದ್ದೆ. ಬಿಪಿ ಇರ್ಬೇಕು ಅಂದ್ರು ಅವರು."

"ಅವರಿಗೇನೂ ಆಗಿಲ್ವಾ?"

"ಅವರದು ತಣ್ಣೀರು ಸ್ನಾನ. ಒಂದು ತಿಂಗಳಿಂದ ಏನೋ ವ್ರತ."

ಮೆಕ್ಯಾನಿಕ್ ಪಂಚೆಯನ್ನು ಎಳೆದು ಬಿಸಾಡಿದ. ಹೊಸ ಗೀಸರನ್ನು ಗೋಡೆಗೆ ಕೂರಿಸಿ, ಅದರ ಹಸಿರು ವೈರನ್ನು ಮುಟ್ಟಿ ತೋರಿಸಿದ. "ಇದು ಅರ್ಥಿಂಗು. ಒಳಗೆ ಏನಾದ್ರೂ ಕೆಟ್ರೂ ಕರೆಂಟು ಇದರಲ್ಲಿ ನೆಲಕ್ಕೆ ಹೋಗುತ್ತೆ, ನಿಮ್ಗೆ ಹೊಡೆಯಲ್ಲ."

ಅಷ್ಟರಲ್ಲಿ ಗಂಡ ಬಂದ. ಅವಳು ತಡೆಯಲಾರದೆ ಹೇಳಿದಳು. "ರೀ, ಆ ಹಾಳು ಗೀಸರು ನನ್ನ ಜೀವಾನೇ ತೆಗೀತಿತ್ತಂತೆ! ಇನ್ನು ಭಯ ಇಲ್ಲ. ಈ ಹಸಿರು ವೈರ್ ಇದ್ರೆ ಸಾಕಂತೆ."

"ದೊಡ್ಡ ಉಪಕಾರ ಮಾಡಿದ್ರಿ," ಎಂದ ಗಂಡ, ಮೆಕ್ಯಾನಿಕ್‌ನ ಹೆಗಲ ಮೇಲೆ ಕೈಹಾಕಿಕೊಂಡೇ ಗೇಟಿನವರೆಗೆ ಬಂದ. ಒಮ್ಮೆ ಮನೆಯ ಬಾಗಿಲತ್ತ ತಿರುಗಿ ನೋಡಿ ದನಿ ತಗ್ಗಿಸಿದ.

"ಆ ಹಸಿರು ವೈರ್ ಕಿತ್ತರೂ ನೀರು ಕಾಯುತ್ತೆ, ಅಲ್ವಾ?"