ಲಾರಿ ಎಂಜಿನ್ನಿನ ಪಿಕಪ್

ಹತ್ತಿ ಹೇರಿದರೆ ನನ್ನ ಹಳೇ ಪಿಕಪ್ ಊರಮುಂದಿನ ಏರು ಹತ್ತುತ್ತಿರಲಿಲ್ಲ. ಮೆಕ್ಯಾನಿಕ್ ಖಾಜೇಸಾಬ ಬೇಡವೆಂದರೂ ಕೇಳದೆ ಅದಕ್ಕೆ ಲಾರಿಯ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಅಚ್ಚು ಎಲ್ಲಾ ಕೂಡಿಸಿದೆ. ಗೇರ್‌ಬಾಕ್ಸೇ ಅರ್ಧ ಕ್ಯಾಬಿನ್ ನುಂಗಿತು. ಹೀಗಾಗಿ ಹೆಂಡತಿ ಪಾರವ್ವ ಹಿಂದೆ, ಹತ್ತಿ ಚೀಲಗಳ ಮೇಲೆ ಕೂತಳು.

"ಹಗೂರಕ ಹೊಡೀರಿ," ಅಂದಳು.

"ನನಗ ಕಲಸ್ತೀಯೇನು?" ಎಂದು ಏರಿನ ಬುಡದಲ್ಲೇ ಎಕ್ಸಲರೇಟರ್ ಪೂರ್ತಿ ಒತ್ತಿದೆ. ಗಾಡಿ ಚಿಮ್ಮಿತು. ಎಂಟನೇ ಇಯತ್ತೆ ದಾಟದ ನಾನೇ ಈ ಸೀಮೆಗೆ ದೊಡ್ಡ ಎಂಜಿನಿಯರ್ ಅಂದುಕೊಳ್ಳುತ್ತಾ ತುದಿ ಮುಟ್ಟಿದೆ.

ಪಾರವ್ವನ ಫೋನ್ ಬಂತು. ಎಂಜಿನ್ ಸದ್ದಿಗೆ ಕೂಗಿದ್ದು ಕೇಳದೆಂದು ಮಾಡಿರಬೇಕು.

"ನೋಡಿದೇನ, ಹೆಂಗ ಹತ್ತಿತು?"

"ಇಲ್ಲಿಂದ ಭಾಳ ಚಲೋ ಕಾಣಸ್ತು. ನಾನು, ಹತ್ತಿ, ಗಾಡಿ ಹಿಂದಿನ ಬಾಗಲಾ, ಮೂವರೂ ಕೆಳಗ ಬುಡದಾಗ ಅದೀವಿ."