ಫ್ತಕಾರದ ಹಾಡು

ಎಲ್ಲ ಊರುಗಳಂತೆ ನಮ್ಮೂರಿನ ಕಣ್ಣಿನ ಆಸ್ಪತ್ರೆಯಲ್ಲೂ ಬೆಳಿಗ್ಗೆ ಯಂತ್ರವನ್ನು ಹಾಡಿಯೇ ಎಬ್ಬಿಸಬೇಕು. ಕಣ್ಣಿನೊಳಗೆ ಬೆಳಕು ಹಿಡಿದು ನೋಡುವ ಆಫ್ತಾಲ್ಮೋಸ್ಕೋಪ್ ತನ್ನ ಹೆಸರೊಂದಕ್ಕೇ ಏಳುವುದಿಲ್ಲ. ಆ ಹೆಸರಿನಂತೆ ‘ಫ್ತ’ವನ್ನು ಹೊಟ್ಟೆಯಲ್ಲಿಟ್ಟುಕೊಂಡ ಇಂಗ್ಲಿಷ್ ಪದಗಳೆಲ್ಲ ರಾಗವಾಗಿ ಅದರ ಕಿವಿಗೆ ಬೀಳಬೇಕು. ರೆಕಾರ್ಡಿಗೆ ಅದು ಮಣಿಯದು. ಹಾಡುವ ಶಾಂತವ್ವನ ಗಂಟಲಿಗೆ ಆಪರೇಷನ್ ಆದಂದಿನಿಂದ ಅದು ಮಲಗಿಯೇ ಇತ್ತು. ಇವತ್ತೂ ಏಳದಿದ್ದರೆ ಯಂತ್ರವನ್ನು ಬೇರೆ ಊರಿಗೆ ಒಯ್ಯುವವರಿದ್ದರು.

“ದನಿ ಬಂದೈತೇನವಾ?” ಬೆಂಚಿನ ಮೇಲಿದ್ದ ಮುದುಕ ಸಂಕಪ್ಪ ಕೇಳಿದ. “ಇಲ್ಲಂದ್ರ ಈಗಽ ಹೇಳಿಬಿಡು, ಬಸ್ಸರೆ ಹಿಡೀತೀನಿ.”

“ಸುಮ್ನ ಕುಂದರ್ರಿ ಕಾಕಾ.”

ಶಾಂತವ್ವ ಕೈಮುಗಿದು ತೊಡಗಿದಳು. ನ್ಯಾಫ್ತಲೀನ್ ಬಂತು, ಡಿಫ್ತಾಂಗ್ ಬಂತು. ಮೇಲಿನ ಸ್ವರಕ್ಕೆ ಏರುವ ಡಿಫ್ತೀರಿಯಾದಲ್ಲಿ ದನಿ ಒಡೆಯಿತು. ಯಂತ್ರ ಕಪ್ಪಗೇ ಇತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗ ಸಂಕಪ್ಪ, ಭಜನೆಯಲ್ಲಿ ಹಿಂದಿನವರು ಎತ್ತಿಕೊಳ್ಳುವ ಹಾಗೆ, ಒಡೆದ ಪದವನ್ನು ಎತ್ತಿಕೊಂಡ. ವರ್ಷಗಟ್ಟಲೆ ಕೇಳುತ್ತ ಕೂತ ಬೆಂಚಿಗೆ ಬೆಂಚೇ ದನಿಗೂಡಿಸಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರೂ ತಾಳ ಹಾಕಿದರು. ಅವರೆಲ್ಲರ ಕೆಳಗೆ ಶಾಂತವ್ವ ಮೆಲ್ಲಗೆ ಮಂದ್ರದಲ್ಲಿ ನಡೆದು ಕೊನೆಯ ಪದವನ್ನು ಮುಟ್ಟಿದಳು.

ದೀಪ ಹತ್ತಿತು.

ಡಾಕ್ಟರು ಮೊದಲು ಸಂಕಪ್ಪನ ಕಣ್ಣಿಗೇ ಬೆಳಕು ಹಿಡಿದರು. ಆತ ಅಲುಗಾಡದೆ ಹೇಳಿದ: “ದನಿ ಕೆಟ್ಟೈತಿ ಬಿಡವಾ. ಆದ್ರ ಬೆಳಕು ಚಲೋ ಐತಿ. ನಾಳಿಗೂ ಬಾ.”

“ನೀವೂ ಬರ್ರಿ,” ಎಂದಳು ಶಾಂತವ್ವ, ಹೊಸ ದಪ್ಪ ದನಿಯಲ್ಲಿ. “ಇನ್ನ ಮ್ಯಾಲಿನ ಸ್ವರ ನಿಮ್ದಽ.”