ಹೃದಯದ ಪುಡಿ

ಹೃದಯದ ಜೀವಕೋಶಗಳು ಶಕ್ತಿಗೆ ಬೇಕಾದ ಪ್ಯೂರಿನ್ ನ್ಯೂಕ್ಲಿಯೋಟೈಡ್ ಎಂಬ ವಸ್ತುಗಳನ್ನು ಹೇಗೆ ತಯಾರಿಸುತ್ತವೆ ಎಂದು ಡಾ. ಪ್ರಮೀಳಾ ಹಾವನೂರ ವರ್ಷಗಟ್ಟಲೆ ಇಲಿಗಳ ಮೇಲೆ ಸಂಶೋಧನೆ ಮಾಡಿದ್ದರು. ಹುಬ್ಬಳ್ಳಿಯ ಒಂದು ಕಂಪನಿ ಆ ಸಂಶೋಧನೆಯ ಹೆಸರು ಹೇಳಿಕೊಂಡು ‘ಹೃದಯದ ಪುಡಿ’ ಮಾರಲು ಹೊರಟಿತು. ಬಿಡುಗಡೆ ಸಮಾರಂಭಕ್ಕೆ ಅವರನ್ನೇ ಅತಿಥಿಯಾಗಿ ಕರೆಯಿತು.

“ನಾಲ್ಕು ಒಳ್ಳೆ ಮಾತು ಹೇಳ್ರಿ ಮೇಡಮ್ಮಾರ, ಸಾಕು,” ಎಂದ ಮಾಲೀಕ.

ಸಭಾಂಗಣದ ತುಂಬ ಹೃದಯದ ಕಾಯಿಲೆಯವರೇ ಕುಳಿತಿದ್ದರು. ಬಾಗಿಲಲ್ಲೇ ಎಲ್ಲರ ಕೈಗೂ ಪುಡಿಯ ಒಂದೊಂದು ಡಬ್ಬಿ ಕೊಟ್ಟಿದ್ದರು. ಕೆಲವರು ಪುಡಿಯ ಜಾಹೀರಾತು ನಂಬಿ ಆಗಲೇ ಮಾತ್ರೆ ಬಿಟ್ಟಿದ್ದರು. ಪ್ರಮೀಳಾ ಮೈಕ್ ಹಿಡಿದರು.

“ಶಕ್ತಿಗೆ ಬೇಕಾದ ವಸ್ತುವನ್ನ ಲಿವರ್ ಹೊಸದಾಗಿ ಬೇಗ ತಯಾರ್ ಮಾಡ್ತದ. ಹೃದಯಕ್ಕ ಅಷ್ಟು ತಾಕತ್ತಿಲ್ಲ, ಒಡೆದ ಹಳೇ ಚೂರುಗಳನ್ನೇ ಹೆಚ್ಚಾಗಿ ಮತ್ತ ಜೋಡಿಸ್ಕೋತದ. ಏಟು ತಿಂದ ಹೃದಯ ಸುಧಾರಿಸ್ಕೊಳ್ಳಾಕ ಅದಕ್ಕೇ ತಡ ಆಗ್ತದ. ಈ ಪುಡಿಯಾಗ ಇರೋ ಬಗೆಯ ಸಕ್ಕರೆ ಕೊಟ್ಟಾಗ ಇಲಿಯ ಹೃದಯದಾಗ ಈ ಕೆಲಸ ಚುರುಕಾತು, ಖರೆ.”

ಜೋರಾಗಿ ಚಪ್ಪಾಳೆ ಬಿತ್ತು. ಮಾಲೀಕ ಕೈಮುಗಿದ.

“ತಡೀರಿ. ಇಲಿಗೆ ನಾವು ಪುಡಿ ಕುಡಿಸಲಿಲ್ಲ, ನೇರ ರಕ್ತನಾಳಕ್ಕ ಕೊಟ್ವಿ. ಈ ಪುಡಿ ಕುಡಿದ್ರ ನಿಮ್ಮ ಹೃದಯಕ್ಕ ಉಪಯೋಗ ಆಗ್ತದ ಅನ್ನಾಕ ಯಾವ ಪುರಾವೆನೂ ಇಲ್ಲ. ದಯವಿಟ್ಟು ಮಾತ್ರೆ ಬಿಡಬ್ಯಾಡ್ರಿ.”

ಮಾಲೀಕನ ಮುಖ ಕಪ್ಪಿಟ್ಟಿತು. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ಬಂದು ಕೈಲಿದ್ದ ಡಬ್ಬಿಯನ್ನು ವೇದಿಕೆಯ ಮೇಲಿಟ್ಟರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಇಟ್ಟರು. ಜನಕ್ಕೆ ತಿಳಿಯಿತಲ್ಲ ಎಂದು ಪ್ರಮೀಳಾ ಅವರ ಕಣ್ಣು ತುಂಬಿ ಬಂತು.

ಮುದುಕರು ಅಂಗಿಯ ತೋಳು ಮಡಚಿ ಅವರ ಮುಂದೆ ಕೈ ಚಾಚಿದರು. “ಪುಡಿ ಬ್ಯಾಡ ಬಿಡ್ರಿ ಅವ್ವಾರ. ಇಲಿಗೆ ಕೊಟ್ರಲ್ಲ, ಅದನ್ನೇ ನಮಗೂ ಚುಚ್ಚಿಬಿಡ್ರಿ.”